ಮಾರಿದೋರ ಸಂಕಟ, ಇಟ್ಕೊಂಡೋರ ಸಂಕಟ

ಹೋದ ಸಂಚಿಕೆಲಿ ಓದುಗರಿಗೆ ಒಂದು ಮಾತು ಕೇಳಿದ್ವಿ, ನಿಮ್ಮ ಹಳೇ ಕಾರಿನ ವಿಷಯದಲ್ಲಿ ಈಗ ನೆನೆಸ್ಕೊಂಡ್ರೆ ಛೇ ಅನ್ಸೋದು ಏನು ಅಂತ. ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಓದಿದ್ರೆ ಬಹಳಷ್ಟು ಒಂದೇ ರಾಗ: ಮಾರ್ಬಾರ್ದಿತ್ತು, ಮಾರ್ಬಾರ್ದಿತ್ತು. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಮಾರಿದ ಕಾರು ಎಷ್ಟೋ ಸಲ ಇನ್ನೊಬ್ಬರ ಮನೇಲಿ ಚೆನ್ನಾಗೇ ಓಡ್ತಿರುತ್ತೆ, ಮಾರದೆ ಪ್ರೀತಿಯಿಂದ ಇಟ್ಕೊಂಡ ಕಾರೇ ಶೆಡ್ಡಲ್ಲಿ ಕೊಳೆತು ಹೋಗೋದು. ಅದನ್ನ ಉತ್ತರ ಕೊಡ್ತಾ ಕೊಡ್ತಾ ಹೇಳ್ತೀನಿ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದೀನಿ, ಯಾಕಂದ್ರೆ ಕೆಲವರ ಮನೇಲಿ ಇದು ಈಗ್ಲೂ ಜಗಳದ ವಿಷಯ.

ಪ್ರಶ್ನೆ: ನಮ್ಮ ತಂದೆಯವರ 1978ರ ಪ್ರೀಮಿಯರ್ ಪದ್ಮಿನಿ ಇತ್ತು ಸರ್. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಗೊಂಡಿದ್ದು. ಅವರು ಹೋದ ಮೇಲೆ 2009ರಲ್ಲಿ ಜಾಗ ಸಾಲ್ದು ಅಂತ ಊರಿನ ಒಬ್ಬ ಮೆಕ್ಯಾನಿಕ್ಕಿಗೆ ಸಿಕ್ಕಷ್ಟಕ್ಕೆ ಕೊಟ್ಬಿಟ್ಟೆ. ಒಂದೆರಡು ಫಾರಂಗೆ ಸೈನ್ ಹಾಕಿದ ನೆನಪು. ಈಗ ನನ್ನ ಮಗ ಅಜ್ಜನ ಕಾರು ಎಲ್ಲಿ ಅಂತ ಕೇಳ್ತಾನೆ. ಹುಡುಕೋಕೆ ಆಗುತ್ತಾ? (ಹಾಸನ)

ಉತ್ತರ: ಆಗುತ್ತೆ, ಆದ್ರೆ ನೀವು ಹುಡುಕಬೇಕಾಗಿರೋದು ಮಗನಿಗೋಸ್ಕರ ಅಲ್ಲ, ಮೊದಲು ನಿಮಗೋಸ್ಕರ. ಆ ಕಾರು ಈಗ ಯಾರ ಹೆಸರಲ್ಲಿದೆ ಅಂತ ನಿಮಗೇ ಗೊತ್ತಿಲ್ಲ ಅಲ್ವಾ, ಅದೇ ನನಗೆ ಹೆದರಿಕೆ. ಗಾಡಿ ಬೇರೆಯವರ ಹೆಸರಿಗೆ ಮಾಡೋ ಫಾರಂ 29, ಫಾರಂ 30 ಎರಡಕ್ಕೂ ಸೈನ್ ಹಾಕಿಕೊಟ್ರೆ ಮುಗೀತು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ತಗೊಂಡೋರು ಅದನ್ನ ಆರ್‌ಟಿಓಗೆ ಕೊಡದೆ ಡ್ಯಾಶ್‌ಬೋರ್ಡಲ್ಲಿ ಇಟ್ಕೊಂಡೇ ಇನ್ನೊಬ್ಬರಿಗೆ ಮಾರಿರ್ತಾರೆ, ಅವರು ಇನ್ನೊಬ್ಬರಿಗೆ. ಇಂಥದ್ದೇ ಒಂದು ಕೇಸಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಗಾಡಿ ಎಷ್ಟು ಕೈ ದಾಟಿದ್ರೂ ಆರ್‌ಟಿಓ ದಾಖಲೆಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರ ಅವರ ತಲೆ ಮೇಲೇ ಬರುತ್ತೆ ಅಂತ. ಕಾರು ತಂದೆಯವರ ಹೆಸರಲ್ಲೇ ಇತ್ತು, ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳದೇ ಮಾರಿದೀರಿ ಅಂದ್ರೆ ಇನ್ನೂ ಗೋಜಲು.

ಮೊದಲು ಗಾಡಿ ದಾಖಲೆ ತೋರಿಸೋ ಸರ್ಕಾರದ ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ನೋಡಿ. ನಿಮ್ಮದು ಎಂವೈ, ಸಿಎ ಥರದ ಹಳೇ ನಂಬರ್ ಇರುತ್ತೆ, ಕೆಎ ಸೀರೀಸ್ ಬಂದಿದ್ದು 1989ರಿಂದ. ಹಳೇ ನಂಬರ್ ಎಷ್ಟೋ ಕಂಪ್ಯೂಟರಿಗೆ ಹತ್ತೇ ಇಲ್ಲ, ಸಿಗಲಿಲ್ಲ ಅಂದ್ರೆ ಕಾರು ಇಲ್ಲ ಅಂತ ಅರ್ಥ ಅಲ್ಲ, ರಿಜಿಸ್ಟರ್ ಆಗಿದ್ದ ಆರ್‌ಟಿಓಲಿ ಹಳೇ ಲೆಡ್ಜರ್ ಇರುತ್ತೆ, ಅಲ್ಲಿ ಅರ್ಜಿ ಹಾಕಿ ಕೇಳ್ಬೇಕು. ಜೊತೆಗೆ ಆ ಮೆಕ್ಯಾನಿಕ್ ಇದ್ರೆ ಅವರ ಹತ್ರ ಒಂದು ಕಾಫಿ ಕುಡಿದು ಬನ್ನಿ, ಕಂಪ್ಯೂಟರಿಗಿಂತ ಅವರಿಗೆ ಜಾಸ್ತಿ ನೆನಪಿರುತ್ತೆ.

ಸಿಕ್ಕಿದ್ರೆ ಏನು ಮಾಡ್ತೀರಿ ಅನ್ನೋದು ಬೇರೆ ಮಾತು. ಅಪ್ಪನ ಕಾರು ಅಂತ ಗೊತ್ತಾದ ಗಳಿಗೆಗೇ ರೇಟು ಡಬಲ್ ಆಗುತ್ತೆ, ದಯವಿಟ್ಟು ಮೊದಲ ದಿನವೇ ಕಣ್ಣಲ್ಲಿ ನೀರು ಹಾಕ್ಬೇಡಿ. ಬಿಡಿಭಾಗಕ್ಕೆ ಬಿಚ್ಚಿರೋ ಸಾಧ್ಯತೆನೂ ಇದೆ, ಪದ್ಮಿನಿಗಳ ಕಥೆ ಬಹುಪಾಲು ಹಾಗೇ ಆಗಿದ್ದು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೇದು ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರಲ್ಲಿ, 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿಗೆ ಅದೂ ರಸ್ತೆ ಬಿಡ್ತು. ಆದ್ರೆ ಮನೆ ಬಳಕೆ ಪದ್ಮಿನಿ ಇನ್ನೂ ಸಿಗುತ್ತೆ, ಅದೇ 1089 ಸಿಸಿ ಎಂಜಿನ್ನು, ಅದೇ ಸ್ಟೇರಿಂಗ್ ಪಕ್ಕದ ಗೇರು. ನಿಮ್ಮ ಮಗನಿಗೆ ಅದೇ ಕಾರು ಬೇಕಾ ಅಂಥ ಕಾರು ಸಾಕಾ ಅಂತ ಕೇಳಿ ನೋಡಿ, ಹುಡುಗರು ನಮ್ಮಷ್ಟು ಹಟ ಮಾಡಲ್ಲ. ಮನೇಲಿ ಆ ಕಾರಿನ ಬಿಲ್ಲು, ಟೂಲ್ ಕಿಟ್ಟು, ಹಳೇ ಇನ್ಶೂರೆನ್ಸ್ ಪೇಪರ್ರು ಏನಾದ್ರೂ ಉಳಿದಿದ್ರೆ ಮಾತ್ರ ಈಗ್ಲೇ ಎತ್ತಿಡಿ. ಕಾರು ಕೊಟ್ಟಾಗ ಮಾಲೀಕರ ಪುಸ್ತಕನ ರದ್ದಿಗೆ ಹಾಕಿದ್ವಿ ಅಂತ ಬರೆದೋರು ಬಹಳ ಜನ ಇದಾರೆ, ಕಾರು ಮತ್ತೆ ಸಿಕ್ಕೀತು, ಅದು ಸಿಗಲ್ಲ.

ಪ್ರಶ್ನೆ: 1988ರ ಅಂಬಾಸಿಡರ್, ಪೆಟ್ರೋಲ್. ನಾನು ದುಬೈಗೆ ಹೋಗುವಾಗ 2011ರಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಒಳ್ಳೆ ಕವರ್ ಹಾಕಿ ನಿಲ್ಲಿಸಿ ಹೋದೆ, ಮಾರ್ಲಿಕ್ಕೆ ಮನಸ್ಸು ಬರ್ಲಿಲ್ಲ. ಈಗ ವಾಪಸ್ ಬಂದು ಕವರ್ ತೆಗೆದ್ರೆ ಕೆಳಗಿನ ಶೀಟ್ ಕೈಯಲ್ಲಿ ಮುರೀತಾ ಉಂಟು. ಬ್ಯಾಟರಿ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡುವನಾ? (ಮಂಗಳೂರು)

ಉತ್ತರ: ಬೇಡ! ದಯವಿಟ್ಟು ಬ್ಯಾಟರಿ ಹಾಕ್ಬೇಡಿ. ಇಷ್ಟು ವರ್ಷ ನಿಂತ ಎಂಜಿನ್ನಿಗೆ ಸೀದಾ ಸೆಲ್ಫ್ ಹೊಡೆದ್ರೆ ಒಣಗಿರೋ ಪಿಸ್ಟನ್ ರಿಂಗು ಸಿಲಿಂಡರಿನ ಒಳಗೋಡೆನ ಗೀರುತ್ತೆ, ಜಾಮ್ ಆಗಿದ್ರಂತೂ ಇನ್ನೂ ಹಾಳು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರ್ ಒಳಗೆ ಸ್ವಲ್ಪ ಸ್ವಲ್ಪ ತೆಳು ಆಯಿಲ್ ಬಿಟ್ಟು ಕೆಲವು ದಿನ ಹಾಗೇ ಬಿಡಿ, ಆಮೇಲೆ ಪ್ಲಗ್ ಬಿಚ್ಚಿದ ಹಾಗೇ ಇಟ್ಟು ಕೈಯಲ್ಲಿ ಎಂಜಿನ್ ತಿರುಗುತ್ತಾ ನೋಡಿ, ಹ್ಯಾಂಡಲ್ ಇದ್ರೆ ಹ್ಯಾಂಡಲಲ್ಲಿ. ತಿರುಗಿದ್ರೆ ನಿಮ್ಮ ಪುಣ್ಯ. ಹಳೇ ಪೆಟ್ರೋಲ್ ಒಂದು ತೊಟ್ಟೂ ಉಳೀಬಾರ್ದು, ಟ್ಯಾಂಕ್ ಇಳಿಸಿ ಒಳಗಿನ ತುಕ್ಕು ತೊಳೆಸ್ಬೇಕು. ಬ್ರೇಕಿನ ವೀಲ್ ಸಿಲಿಂಡರೆಲ್ಲ ಹಿಡ್ಕೊಂಡಿರುತ್ತೆ, ಬ್ರೇಕ್ ಆಯಿಲ್ ಗಾಳೀಲಿರೋ ನೀರನ್ನ ಹೀರ್ಕೊಳ್ಳೋ ಪದಾರ್ಥ, ಅದು ಒಳಗಿಂದಲೇ ತುಕ್ಕು ಹಿಡಿಸುತ್ತೆ. ಹ್ಯಾಂಡ್ ಬ್ರೇಕ್ ಎಳೆದೇ ಹೋಗಿದ್ರೆ ಹಿಂದಿನ ಡ್ರಮ್ಮಿಗೆ ಶೂ ಅಂಟಿರುತ್ತೆ, ಎಳೀಬೇಡಿ, ಡ್ರಮ್ ಬಿಚ್ಚಿಸಿ.

ಆದ್ರೆ ಸ್ವಾಮಿ, ಎಂಜಿನ್ ಆಮೇಲಿನ ಮಾತು, ಮೊದಲು ಆ ಶೀಟ್ ನೋಡ್ಬೇಕು. ಅಂಬಾಸಿಡರಿಗೆ ಲಾರಿ ಜೀಪಿನ ಥರ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಬಾಗಿಲಿನ ಕೆಳಗಿನ ಪಟ್ಟಿ, ಫ್ಲೋರು, ಮುಂದೆ ಸ್ಪ್ರಿಂಗ್ ಕೆಲಸ ಮಾಡೋ ಟಾರ್ಷನ್ ಬಾರ್ ಹಿಡ್ಕೊಂಡಿರೋ ಜಾಗ, ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂತಿರೋ ಜಾಗ, ಇಷ್ಟು ಗಟ್ಟಿ ಇದ್ರೆ ಉಳಿದದ್ದು ದುಡ್ಡಿನ ವಿಷಯ ಅಷ್ಟೇ. ಇವು ಹೋಗಿದ್ರೆ ದುಡ್ಡು ಹಾಕಿದ್ರೂ ಕಾರು ಸುರಕ್ಷಿತ ಅನ್ನೋಕಾಗಲ್ಲ, ಮತ್ತೆ ಯಾರೋ ಟಿಂಕರಿಂಗ್ ಮಾಡೋರು ಒಳಗೆ ತೇಪೆ ಹಾಕಿ ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದು ಫಳಫಳ ಅನ್ಸಿ ಕೊಟ್ಬಿಡ್ತಾರೆ, ನಿಮ್ಮ ಎರಡನೇ ಮಳೆಗಾಲಕ್ಕೆ ಅದು ಗುಳ್ಳೆ ಏಳುತ್ತೆ. ಒಂದು ಸ್ಕ್ರೂಡ್ರೈವರ್ ತಗೊಂಡು ಕೆಳಗೆ ಮಲಗಿ ಚುಚ್ಚಿ ಚುಚ್ಚಿ ನೋಡಿ, ಪೇಂಟರ್ ಹತ್ರ ಹೋಗೋಕೆ ಮುಂಚೆ.

ಕವರ್ ವಿಷಯ ಹೇಳ್ಲೇಬೇಕು, ಇದೇ ತಪ್ಪು ಕರಾವಳಿಯ ಎಷ್ಟೋ ಜನ ಮಾಡಿದಾರೆ. ಪ್ಲಾಸ್ಟಿಕ್ ಥರದ ಗಾಳಿ ಆಡದ ಕವರ್ ಹಾಕಿದ್ರೆ ಮಣ್ಣಿನ ನೆಲದ ತೇವ ಮೇಲೆದ್ದು ಒಳಗೇ ನಿಲ್ಲುತ್ತೆ, ನಿಮ್ಮಲ್ಲಿ ಜೂನಿಂದ ಮಳೆ ಶುರುವಾದ್ರೆ ಬಟ್ಟೆನೇ ಒಣಗಲ್ಲ, ಕಾರು ಒಣಗುತ್ತಾ? ಒಳಗಿನ ರಬ್ಬರ್ ಮ್ಯಾಟ್ ಕೆಳಗೆ ನೀರು ಕೂತು ಫ್ಲೋರ್ ಹೋಗಿರೋದು ಅದಕ್ಕೇ. ಸಿಮೆಂಟ್ ನೆಲ, ಮೇಲೆ ಮಾಡು, ಸುತ್ತ ಗಾಳಿ, ಹತ್ತಿ ಬಟ್ಟೆ ಹೊದಿಕೆ, ಬ್ಯಾಟರಿ ಬಿಚ್ಚಿ, ಗಾಡಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗ್ಲಾಸ್ ಒಂದು ಬೆರಳು ಇಳಿಸಿ ಇಲಿ ಬರದ ಹಾಗೆ ನೋಡ್ಕೊಳ್ಳೋದು, ಇಷ್ಟು ಮಾಡಿದ್ರೆ ನಿಲ್ಲಿಸಬಹುದು. ಆದ್ರೂ ನಿಮಗೆ ಆಗ ಯಾರಾದ್ರೂ ಕೇಳಿದ್ದಿದ್ರೆ ನಾನು ಹೇಳ್ತಿದ್ದದ್ದು, ಅಳಿಯನಿಗೋ ಭಾವನಿಗೋ ಕೀ ಕೊಟ್ಟು ಭಾನುವಾರ ಭಾನುವಾರ ಮೀನು ಮಾರ್ಕೆಟ್ಟಿಗಾದ್ರೂ ತಗೊಂಡು ಹೋಗು ಅನ್ನಿ ಅಂತ. ಅವರು ಎಲ್ಲಾದ್ರೂ ಒಂದು ಕಡೆ ತಾಗಿಸಿರ್ತಿದ್ರು, ಬಂಪರ್ ಬಗ್ಗಿರ್ತಿತ್ತು, ಅಷ್ಟೇ ತಾನೇ.

ಪ್ರಶ್ನೆ: ಟೀವಿಲಿ 15 ವರ್ಷದ ಗಾಡಿ ಎಲ್ಲ ಗುಜರಿಗೆ ಅಂತ ತೋರಿಸ್ತಿದ್ರು, ಸೀಜ್ ಮಾಡ್ತಾರೆ ಅಂತ ಹೆದರಿ 1984ರ ಸ್ಟಾಂಡರ್ಡ್ ಪಿಕಪ್ಪು ಮತ್ತೆ ಪದ್ಮಿನಿ ಎರಡನ್ನೂ ತೂಕಕ್ಕೆ ಹಾಕ್ಬಿಟ್ಟೆ. ಆಮೇಲೆ ಗೊತ್ತಾಯ್ತು ನಮ್ಮಲ್ಲಿ ಆ ರೂಲೇ ಇಲ್ಲ ಅಂತ. ನಿಜಾನಾ? (ತುಮಕೂರು)

ಉತ್ತರ: ನಿಜ. ಬೇಜಾರು ಮಾಡ್ಕೋಬೇಡಿ ಅಂತ ಹೇಳೋಕಾಗಲ್ಲ, ಬೇಜಾರು ಆಗೋ ವಿಷಯವೇ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಓಡಿಸಬಾರದು ಅನ್ನೋ ಗಲಾಟೆ ದೆಹಲಿ ಸುತ್ತಮುತ್ತದ್ದು, ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟಿನ ಆದೇಶದಿಂದ ಬಂದಿದ್ದು. ನಮ್ಮ ಕಡೆ ಸ್ವಂತ ಬಳಕೆಯ ಗಾಡಿ 15 ವರ್ಷ ಆದ ಮೇಲೆ ಆರ್‌ಟಿಓಗೆ ತಗೊಂಡು ಹೋಗಿ ಎಫ್‌ಸಿ (ಗಾಡಿ ಓಡೋ ಸ್ಥಿತಿಲಿದೆ ಅನ್ನೋ ಸರ್ಟಿಫಿಕೇಟು) ಮಾಡಿಸಿ 5 ವರ್ಷಕ್ಕೊಮ್ಮೆ ರಿನ್ಯೂ ಮಾಡ್ಕೊಂಡು ಓಡಿಸಬಹುದು, 2021ರ ಸ್ಕ್ರ್ಯಾಪ್ ನೀತಿಲೂ ಓಡೋ ಸ್ಥಿತಿಲಿರೋ ಸ್ವಂತ ಗಾಡಿನ ಕಡ್ಡಾಯವಾಗಿ ಗುಜರಿಗೆ ಹಾಕಿ ಅಂತ ಇಲ್ಲ. ಫೀಸು ಮಾತ್ರ ಏರಿಸ್ತಾನೇ ಇದಾರೆ, ಕಾರಿಗೆ 600 ಇದ್ದದ್ದು 2022ರ ಏಪ್ರಿಲಿಂದ 5,000 ಆಯ್ತು, 20 ವರ್ಷ ದಾಟಿದ್ರೆ 2025ರಿಂದ 10,000.

ಒಂದು ಕೆಲಸ ಮಾಡಿ, ಗುಜರಿಯೋರು ಆರ್‌ಸಿ ಕ್ಯಾನ್ಸಲ್ ಮಾಡಿಸಿದಾರಾ ವಿಚಾರಿಸಿ. ಮಾಡಿಸದೇ ಇದ್ರೆ ನೀವೇ ಹೋಗಿ ಮಾಡಿಸಿ. ನಿಮ್ಮ ಪದ್ಮಿನಿ ಚಾಸಿ ನಂಬರು ಇನ್ಯಾವುದೋ ಗಾಡಿ ಮೇಲೆ ಕೂತು ತಿರುಗೋದು ಬೇಡ.

ಪ್ರಶ್ನೆ: ನನ್ನ ಹತ್ರ ಸಿಪಾನಿ ಡಾಲ್ಫಿನ್ ಇದೆ, 1984ರದ್ದು. ಪದೇ ಪದೇ ಹೀಟ್ ಆಗ್ತಿತ್ತು ಅಂತ ತೊಂಬತ್ತರ ದಶಕದಲ್ಲೇ ಒರಿಜಿನಲ್ ಎಂಜಿನ್ ತೆಗೆದು ಓಮ್ನಿ ಎಂಜಿನ್ನು ಗೇರ್ ಬಾಕ್ಸು ಕೂರಿಸಿದ್ವಿ. ಹಳೇ ಎಂಜಿನ್ ಶಿವಾಜಿನಗರದಲ್ಲಿ ಅಲ್ಯೂಮಿನಿಯಂ ರೇಟಿಗೆ ಹೋಯ್ತು. ಈಗ ಕಾರ್ ಷೋಗಳಿಗೆ ತಗೊಂಡು ಹೋದ್ರೆ ಬಾನೆಟ್ ಎತ್ತೋಕೆ ನಾಚಿಕೆ ಆಗುತ್ತೆ. ಏನಾದ್ರೂ ದಾರಿ ಇದೆಯಾ? (ಬೆಂಗಳೂರು)

ಉತ್ತರ: ಈ ಪತ್ರ ಓದಿ ನನಗೆ ಖುಷಿ ಆಯ್ತು ಅಂದ್ರೆ ತಪ್ಪು ತಿಳ್ಕೋಬೇಡಿ, ಖುಷಿ ಯಾಕಂದ್ರೆ ಒಂದು ಡಾಲ್ಫಿನ್ ಇನ್ನೂ ಓಡ್ತಾ ಇದೆಯಲ್ಲ ಅಂತ. ಚಿಕ್ಕ ಹುಡುಗರು ಓದ್ತಿದ್ರೆ ಅವರಿಗೆ ಹೇಳ್ತೀನಿ, ಇದು ನಮ್ಮ ಬೆಂಗಳೂರಲ್ಲೇ ತಯಾರಾದ ಕಾರು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ಡಿಸೈನು, ಫೈಬರ್ ಬಾಡಿ, ಎರಡು ಬಾಗಿಲು. ಅದಕ್ಕೂ ಮುಂಚೆ ಇದೇ ಸಿಪಾನಿಯೋರು ಬಾದಲ್ ಅಂತ ಮೂರು ಚಕ್ರದ ಕಾರು ಮಾಡ್ತಿದ್ರು. ಹಗುರ ಗಾಡಿ ಆದ್ದರಿಂದ ರ್‍ಯಾಲಿಗಳಲ್ಲಿ ಹೆಸರು ಮಾಡಿತ್ತು, ಆದ್ರೆ 1983ರ ಡಿಸೆಂಬರಲ್ಲಿ ಮಾರುತಿ ಬಂತು, ಅಲ್ಲಿಗೆ ಮುಗೀತು.

ಹೀಟ್ ಆಗ್ತಿದ್ದದ್ದು ಯಾಕೆ ಅಂತ ಈಗ ಹೇಳಿದ್ರೆ ನಿಮಗೆ ಹೊಟ್ಟೆ ಉರಿಯುತ್ತೆ, ಆದ್ರೂ ಹೇಳ್ತೀನಿ. ಆ 848 ಸಿಸಿ ಎಂಜಿನ್ ಪೂರ್ತಿ ಅಲ್ಯೂಮಿನಿಯಂ, ಪಿಸ್ಟನ್ ಓಡಾಡೋ ಒಳಗಿನ ಕೊಳವೆ, ಅಂದ್ರೆ ಲೈನರ್ ಸುತ್ತ ನೀರು ನೇರವಾಗಿ ಓಡಾಡುತ್ತೆ. ಅಂಥ ಎಂಜಿನ್ನಿಗೆ ನಾವೆಲ್ಲ ಬೋರ್‌ವೆಲ್ ನೀರು ತುಂಬಿಸಿದ್ವಿ, ಕೂಲಂಟ್ ಅನ್ನೋ ಪದವೇ ಆಗ ಗ್ಯಾರೇಜಲ್ಲಿ ಕೇಳ್ತಿರ್ಲಿಲ್ಲ. ಗಡಸು ನೀರಿಗೆ ಒಳಗೆಲ್ಲ ಸುಣ್ಣ ಕಟ್ತು, ಅಲ್ಯೂಮಿನಿಯಂ ತಿಂದು ಹಾಕ್ತು, ಗ್ಯಾಸ್ಕೆಟ್ ಹೋಯ್ತು, ಕೊನೆಗೆ ಎಂಜಿನ್ನೇ ಸರಿ ಇಲ್ಲ ಅಂತ ಹೆಸರು ಬಂತು. ಎಂಜಿನ್ದು ತಪ್ಪಿರ್ಲಿಲ್ಲ.

ದಾರಿ ಇದೆ. ಇದೇ ಎಂಜಿನ್ ಇಂಗ್ಲೆಂಡಲ್ಲಿ ರಿಲಯಂಟ್ ರಾಬಿನ್ ಅನ್ನೋ ಮೂರು ಚಕ್ರದ ಕಾರಲ್ಲಿ ಬರ್ತಿತ್ತು, ಅದಕ್ಕೆ ಅಲ್ಲಿ ಇವತ್ತಿಗೂ ಅಭಿಮಾನಿಗಳು, ಸ್ಪೇರ್ಸು ಎರಡೂ ಇದೆ. ಅಲ್ಲಿರೋ ನಮ್ಮ ಕನ್ನಡದೋರು ಯಾರಾದ್ರೂ ಪರಿಚಯ ಇದ್ರೆ ವಿಚಾರಿಸಿ, ಆದ್ರೆ ಸಾಗಣೆ, ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕೇ ಹೆಜ್ಜೆ ಇಡಿ. ಇಲ್ಲೇ ಜೆಸಿ ರೋಡಲ್ಲಿ, ಸಂಡೇ ಬಜಾರಲ್ಲಿ ಹಳಬರ ಕಿವಿಗೆ ಹಾಕಿಡಿ, ಯಾರದ್ದೋ ಗೋಡೌನಲ್ಲಿ ಒಂದು ಬಿದ್ದಿರ್ಬಹುದು. ಸಿಕ್ಕ ತಕ್ಷಣ ಓಮ್ನಿ ಎಂಜಿನ್ ಕಿತ್ತು ಬಿಸಾಕ್ಬೇಡಿ, ಅದು ಇಷ್ಟು ವರ್ಷ ಆ ಕಾರನ್ನ ಗುಜರಿಯಿಂದ ಉಳಿಸಿದೆ, ಅದೂ ಅದರ ಚರಿತ್ರೆನೇ. ಮತ್ತೆ ಎಂಜಿನ್ ಬದಲಾಯಿಸಿದ್ದು ಆರ್‌ಸಿಲಿ ಏರಿದೆಯಾ? ಇಲ್ಲ ಅಂದ್ರೆ ನಾಚಿಕೆ ಪಡಬೇಕಾಗಿದ್ದು ಅದಕ್ಕೆ, ಬಾನೆಟ್ ಒಳಗಿನದಕ್ಕಲ್ಲ. ಫೈಬರ್ ಬಾಡಿಗೆ ತುಕ್ಕಿಲ್ಲ ಅಂತ ಮೈಮರೀಬೇಡಿ, ಕೆಳಗೆ ಕಬ್ಬಿಣದ ಚಾಸಿ ಇದೆ, ಅದನ್ನೂ ನೋಡಿಸಿ.

ಪ್ರಶ್ನೆ: 1968ರ ಸ್ಟಾಂಡರ್ಡ್ ಹೆರಾಲ್ಡ್ ಎಲೆಕ್ಟ್ರಿಕ್ ಮಾಡಿಸ್ಬೇಕು ಅಂತ ಇದೀನಿ, ಮುಂದೆ ಬೇಜಾರಾಗುತ್ತಾ? (ಮೈಸೂರು)

ಉತ್ತರ: ಆಗುತ್ತೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ 2021ರಿಂದ ವಿಎ ಸೀರೀಸ್ ನಂಬರ್ ಅಂತ ಬೇರೆನೇ ಕೊಡ್ತಾರೆ, ಹೊಸದಾಗಿ ರಿಜಿಸ್ಟರ್ ಮಾಡ್ಸೋಕೆ 20,000, 10 ವರ್ಷ ನಡೆಯುತ್ತೆ. ದಿನಬಳಕೆಗೆ ಬಿಡಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕ್ಸೋದು ಇಷ್ಟಕ್ಕೇ. ಎಂಜಿನ್ ತೆಗೆದು ಮೋಟರ್ ಹಾಕಿದ ಮೇಲೆ ಮೂಲ ರೂಪ ಎಲ್ಲಿ ಬಂತು. ಶ್ರೀರಂಗಪಟ್ಟಣದ ಹತ್ರ ಧರ್ಮಸ್ಥಳದ ಹೆಗ್ಗಡೆಯವರ ಪಯಣ ಮ್ಯೂಸಿಯಂ ಇದೆ, ನಿಮಗೆ ಪಕ್ಕದಲ್ಲೇ, ಒಂದು ಮಧ್ಯಾಹ್ನ ಅಲ್ಲಿ ಸುತ್ತಾಡಿ ಬನ್ನಿ, ಆಮೇಲೂ ಮಾಡಿಸ್ಬೇಕು ಅನ್ಸಿದ್ರೆ ಇನ್ನೊಂದು ಪತ್ರ ಹಾಕಿ.

ಪ್ರಶ್ನೆ: ನಮ್ಮ ಯಜಮಾನ್ರು ಒಂದು ಅಂಬಾಸಿಡರ್, ಒಂದು ಫಿಯೆಟ್, ಒಂದು ಜೀಪು, ಮೂರನ್ನೂ ಹಿತ್ತಲಲ್ಲಿ ತಗಡಿನ ಕೆಳಗೆ ನಿಲ್ಲಿಸಿದಾರೆ. ಒಂದೂ ಸ್ಟಾರ್ಟ್ ಆಗಲ್ಲ. ಕೇಳಿದ್ರೆ ಮಾರಿ ಆಮೇಲೆ ಅಳೋದು ಬೇಡ, ರೇಟ್ ಏರುತ್ತೆ ಅಂತಾರೆ. ನೀವೇ ಹೇಳಿ ಅಣ್ಣ, ಏರುತ್ತಾ? (ದಾವಣಗೆರೆ)

ಉತ್ತರ: ಅಮ್ಮ, ಈ ಪುಟನ ಯಜಮಾನ್ರು ಕಾಫಿ ಕುಡಿಯುವಾಗ ಟೇಬಲ್ ಮೇಲೆ ತೆರೆದಿಡಿ. ರೇಟ್ ಏರೋದು ಓಡೋ ಕಾರಿಗೆ, ಪೇಪರ್ ಸರಿ ಇರೋ ಕಾರಿಗೆ, ನಿಂತಿರೋ ಕಾರಿಂದು ಪ್ರತಿ ಮಳೆಗಾಲಕ್ಕೂ ಇಳೀತಾ ಹೋಗುತ್ತೆ. ಅಂಬಾಸಿಡರ್ ಅಂತ ಹೇಳಿದ್ರಲ್ಲ, ಅದನ್ನ ಮಾಡ್ತಿದ್ದ ಉತ್ತರಪಾರಾ ಫ್ಯಾಕ್ಟರಿ 2014ರಲ್ಲಿ ನಿಂತ್ಹೋಯ್ತು, ಆ ಹೆಸರನ್ನ ಮಾತ್ರ 2017ರಲ್ಲಿ ಪೂಜೋ ಕಂಪನಿಗೆ 80 ಕೋಟಿಗೆ ಮಾರಿದ್ರು. ಬೆಲೆ ಬಂದಿದ್ದು ಹೆಸರಿಗೆ, ಹಿತ್ತಲಲ್ಲಿ ನಿಂತಿರೋದಕ್ಕಲ್ಲ.

ಯಜಮಾನ್ರಿಗೆ ನನ್ನ ಸಲಹೆ ಇಷ್ಟೇ, ಮೂರರಲ್ಲಿ ಯಾವುದರ ಬಾಡಿ ಗಟ್ಟಿ ಇದೆ, ಯಾವುದರ ಆರ್‌ಸಿ ನಿಮ್ಮ ಹೆಸರಲ್ಲಿದೆ ನೋಡಿ ಅದೊಂದನ್ನ ಇಟ್ಕೊಳ್ಳಿ, ಉಳಿದೆರಡನ್ನ ಕೈಯಲ್ಲಿ ಕೆಲಸ ಗೊತ್ತಿರೋ ಹುಡುಗರಿಗೆ ಕೊಡಿ, ಬಂದ ದುಡ್ಡು ಆ ಒಂದಕ್ಕೆ ಹಾಕಿ. ಜೀಪು ಮೂಲ ಪೆಟ್ರೋಲ್ ಎಂಜಿನ್ನಿನದ್ದೇ ಆಗಿದ್ರೆ ಕೊಡೋಕೆ ಮುಂಚೆ ಎರಡು ಸಲ ಯೋಚಿಸಿ, ಅಗ್ಗದ ಡೀಸೆಲ್ ಕಾಲದಲ್ಲಿ ಬಹಳಷ್ಟು ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದಾರೆ, ಮೂಲದ್ದು ಸಿಗೋದು ಕಡಿಮೆ. ಅಳು ಬಂದ್ರೆ ಬರ್ಲಿ, ಕೊಟ್ಟ ಕಾರು ರಸ್ತೆಲಿ ಓಡೋದು ನೋಡಿ ಅಳೋದು ಎಷ್ಟೋ ವಾಸಿ.

ಪ್ರಶ್ನೆ: ನನಗೆ 24 ವಯಸ್ಸು ಅಣ್ಣ, 1985ರ ಮಾರುತಿ 800 ಸಿಕ್ಕಿದೆ, ಎಸ್‌ಎಸ್80 ಮಾಡೆಲ್ಲು. ಹೊಸ ಪೇಂಟ್ ಆಗಿದೆ, ಎಂಜಿನ್ ಸೂಪರ್. ಆಮೇಲೆ ನಾನೂ ನಿಮಗೆ ಅಳ್ತಾ ಪತ್ರ ಬರೀಬಾರ್ದು ಅಂದ್ರೆ ಏನು ನೋಡ್ಬೇಕು? (ಶಿವಮೊಗ್ಗ)

ಉತ್ತರ: ಹೊಸ ಪೇಂಟ್ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯ್ತು ತಮ್ಮ. ಮಾರೋಕೆ ಮುಂಚೆ ಪೇಂಟ್ ಹೊಡೆಸೋದು ಯಾಕೆ? ಒಂದು ಸಣ್ಣ ಅಯಸ್ಕಾಂತ ತೆಳು ಬಟ್ಟೆಲಿ ಸುತ್ತಿ ಬಾಗಿಲಿನ ಕೆಳಗೆ, ಚಕ್ರದ ಮೇಲಿನ ಕಮಾನಿಗೆ, ಡಿಕ್ಕಿ ಅಂಚಿಗೆ ಹಿಡಿದು ನೋಡು, ಅಂಟದೇ ಬಿದ್ರೆ ಅಲ್ಲಿರೋದು ಶೀಟಲ್ಲ ಪುಟ್ಟಿ. ಸ್ಟೆಪ್ನಿ ಎತ್ತಿ ಅದರ ಕೆಳಗೆ ಕೈ ಹಾಕು. ಎಂಜಿನ್ ಬಗ್ಗೆ ತಲೆ ಕೆಡಿಸ್ಕೋಬೇಡ, ಆ 796 ಸಿಸಿ ಎಂಜಿನ್ ಆಮೇಲಿನ 800ಕ್ಕೂ ಬಂತು, ಓಮ್ನಿಗೂ ಬಂತು, ಪಾರ್ಟ್ಸ್ ಸಿಗುತ್ತೆ. ಬಾಡಿ ಪಾರ್ಟ್ಸು, ಗ್ಲಾಸು, ಲೈಟು, ಒಳಗಿನ ಟ್ರಿಮ್ಮು ಮಾತ್ರ ಈ ಮಾಡೆಲ್ಲಿಗೆ ಬೇರೆ, 1986ರಲ್ಲಿ ಬಂದ ಹೊಸ ಶೇಪಿಂದು ಇದಕ್ಕೆ ಹೊಂದಲ್ಲ. ಆದ್ದರಿಂದ ಎಂಜಿನ್ ಸತ್ತಿದ್ದು ಬಾಡಿ ಪೂರ್ತಿ ಇರೋ ಕಾರು ಸಿಕ್ರೆ ಇದಕ್ಕಿಂತ ಅದೇ ವಾಸಿ.

ಅಡ್ವಾನ್ಸ್ ಕೊಡೋಕೆ ಮುಂಚೆ ಆರ್‌ಸಿ ನೋಡು, ಚಾಸಿ ನಂಬರ್ ಪೆನ್ಸಿಲಲ್ಲಿ ಉಜ್ಜಿ ಅಚ್ಚು ತಗೊಂಡು ಹೋಲಿಸು, ರಿನ್ಯೂ ಆಗಿದೆಯಾ, ಯಾರ ಹೆಸರಲ್ಲಿದೆ, ಆ ಮನುಷ್ಯ ಬದುಕಿದಾರಾ, ಸೈನ್ ಹಾಕೋಕೆ ಬರ್ತಾರಾ, ಇಷ್ಟು ಕೇಳು. ವಿಎ ನಂಬರ್ ಕನಸು ಈಗ ಬೇಡ, ನಿನ್ನ ಕಾರಿಗೆ 50 ಆಗೋದು 2035ಕ್ಕೆ.

ಇನ್ನೊಂದು ಹೊಸ ತಲೆನೋವು ಪೆಟ್ರೋಲು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು, ಆ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅನ್ನೋ ರಬ್ಬರ್ ಪೊರೆ ಅದಕ್ಕೆ ಮಾಡಿದ್ದಲ್ಲ, ಮೆತ್ತಗಾಗಿ ಸೋರುತ್ತೆ, ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಸೋರೋದು ತಮಾಷೆ ಅಲ್ಲ. ತಗೊಂಡ ಮೊದಲ ವಾರವೇ ಎಥನಾಲ್ ತಡೆಯೋ ಪೈಪ್ ಹಾಕಿಸು. ಎಥನಾಲ್ ನೀರು ಹೀರುತ್ತೆ, ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಟ್ಯಾಂಕ್ ತಳದಲ್ಲಿ ನೀರು ಕೂರುತ್ತೆ, ವಾರಕ್ಕೊಮ್ಮೆ ತೀರ್ಥಹಳ್ಳಿ ತನಕ ಹೋಗಿ ಬಾ, ಕಾರಿಗೂ ಒಳ್ಳೇದು ನಿನಗೂ ಒಳ್ಳೇದು.

ಇದು ಅಪರೂಪದ್ದು ಅಂತ ಜಾಸ್ತಿ ಕೇಳ್ತಿದ್ರೆ ಒಂದು ವಿಷಯ ಗೊತ್ತಿರ್ಲಿ. 1983ರ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿ ಕೈಯಿಂದ ಕೀ ಪಡೆದ ದೇಶದ ಮೊಟ್ಟಮೊದಲ ಮಾರುತಿ 800, ಆಗ 47,500 ರೂಪಾಯಿ, ಅದೇ ಕಾರು ಮಾಲೀಕರು ತೀರ್ಕೊಂಡ ಮೇಲೆ ಮನೆ ಮುಂದೆ ಬಿಸಿಲು ಮಳೇಲಿ ತುಕ್ಕು ಹಿಡಿದು ನಿಂತಿತ್ತು. ಕಂಪನಿಯೋರೇ ಆಮೇಲೆ ತಗೊಂಡು ಹೋಗಿ ಸರಿ ಮಾಡಿ ತಮ್ಮ ಆಫೀಸಲ್ಲಿ ಇಟ್ಟಿದಾರೆ. ಅಂಥದ್ದಕ್ಕೇ ಆ ಗತಿ ಬಂದಿತ್ತು ಅಂತ ಮಾರೋರಿಗೆ ಹೇಳು, ರೇಟಲ್ಲಿ ಸ್ವಲ್ಪ ಇಳೀಬಹುದು. ಆ ಅಯಸ್ಕಾಂತ ಎಲ್ಲೆಲ್ಲಿ ಅಂಟಲಿಲ್ಲ ಅಂತ ಫೋಟೋ ತೆಗೆದು ಕಳಿಸು, ತಗೋಬೇಕಾ ಬಿಡ್ಬೇಕಾ ಅಂತ ನೋಡಿ ಹೇಳ್ತೀನಿ.